ಪರ್ಫೆಕ್ಟ್ ಡಾರ್ಕ್ ಊಹಿಸಿದ 2023ನ್ನು ಮತ್ತೆ ಆಡಿದ ನನ್ನ ಅನುಭವ

ಇಂಗ್ಲೆಂಡಿನ ಟ್ವೈಕ್ರಾಸ್‌ನಲ್ಲಿರುವ ರೇರ್ ಸಂಸ್ಥೆ 2000ದ ಮೇ ತಿಂಗಳಲ್ಲಿ ಟಿವಿಗೆ ಜೋಡಿಸಿ ಆಡುವ ನಿಂಟೆಂಡೊ 64 ಕನ್ಸೋಲಿಗೆಂದು ಹೊರತಂದ, ಗುಂಡು ಹಾರಿಸುವುದೇ ಪ್ರಧಾನವಾದ (ಶೂಟರ್) ‘ಪರ್ಫೆಕ್ಟ್ ಡಾರ್ಕ್’ ವಿಡಿಯೊ ಆಟದ ಕಥೆ ನಡೆಯುವುದು 2023ರಲ್ಲಿ. ಓದಲೆಂದು ಇಲಿನಾಯ್ಸ್‌ಗೆ ಬಂದ ಹೊಸದರಲ್ಲಿ ನಾನು ಅದನ್ನು ಮೊದಲು ಆಡಿದಾಗ ಆ ವರ್ಷ ಬಹಳ ದೂರದಲ್ಲಿತ್ತು. ಜೊತೆಯಲ್ಲಿ ಬಾಡಿಗೆಗಿದ್ದ ಗೆಳೆಯರೊಂದಿಗೆ ಟಿವಿ ಪರದೆಯನ್ನು ನಾಲ್ಕು ಭಾಗ ಮಾಡಿಕೊಂಡು ಒಬ್ಬರನ್ನೊಬ್ಬರು ಬೇಟೆಯಾಡುವುದರಲ್ಲೇ ನಮ್ಮ ಸಂಜೆಗಳು ಕಳೆಯುತ್ತಿದ್ದವು. ಕಥಾಭಾಗವನ್ನು ಗಮನವಿಟ್ಟು ಮುಗಿಸಿದವರು ನಮ್ಮಲ್ಲಿ ಇರಲಿಲ್ಲ. ನಿಜವಾದ 2023 ಬಂದಾಗ, ಆ ಆಟವನ್ನು ಅದು ಹುಟ್ಟಿದ ಯಂತ್ರದಲ್ಲೇ, ಮೊದಲ ಹಂತದಿಂದ ಕೊನೆಯ ಹಂತದವರೆಗೆ, ಮೂರೂ ಕಾಠಿಣ್ಯಗಳಲ್ಲಿ ಆಡಿ, ಅದು ಊಹಿಸಿದ ಲೋಕವನ್ನು ನಾನು ಬದುಕುತ್ತಿರುವ ಲೋಕದ ಪಕ್ಕದಲ್ಲಿಟ್ಟು ನೋಡಬೇಕೆಂದು ನಿರ್ಧರಿಸಿದೆ.

ಮೊದಲ ಕೆಲಸ ಯಂತ್ರವನ್ನು ಸಿದ್ಧಗೊಳಿಸುವುದಾಗಿತ್ತು. ಈ ಆಟಕ್ಕೆ ಎಕ್ಸ್‌ಪ್ಯಾನ್ಶನ್ ಪ್ಯಾಕ್ ಎಂಬ ಹೆಚ್ಚುವರಿ ಮೆಮೊರಿ ಬೇಕೇ ಬೇಕು. ಕನ್ಸೋಲಿನ ಮುಂಭಾಗದಲ್ಲಿರುವ ಪುಟ್ಟ ಮುಚ್ಚಳವನ್ನು ತೆರೆದು, ಅಲ್ಲಿರುವ ಜಂಪರ್ ಪ್ಯಾಕನ್ನು ಹೊರತೆಗೆದು, ಅದರ ಜಾಗದಲ್ಲಿ ಇದನ್ನು ಕೂರಿಸಿದರೆ ಯಂತ್ರದ ಮೆಮೊರಿ 4 ಮೆಗಾಬೈಟ್‌ನಿಂದ 8 ಮೆಗಾಬೈಟ್‌ಗೆ ಏರುತ್ತದೆ; ಅದಿಲ್ಲದಿದ್ದರೆ ಕಥಾಭಾಗ ತೆರೆಯುವುದೇ ಇಲ್ಲ, ಇಬ್ಬರು ಆಡಬಹುದಾದ ಸ್ಪರ್ಧೆಯ ಒಂದು ಪಾಲು ಮಾತ್ರ ಸಿಗುತ್ತದೆ. ಆಟವನ್ನು ಹೊತ್ತ ಪುಟ್ಟ ಪೆಟ್ಟಿಗೆಯಾದ ಕಾರ್ಟ್ರಿಜ್‌ನ ಲೋಹದ ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಪೂರ್ತಿ ಒಣಗುವವರೆಗೆ ಬಿಟ್ಟೆ. ಆಟದ ಪ್ರಗತಿ ಕಾರ್ಟ್ರಿಜ್‌ನೊಳಗಿನ ವಿದ್ಯುತ್ ಇಲ್ಲದೆಯೂ ನೆನಪಿಡುವ ಇಇಪ್ರಾಮ್ ಚಿಪ್‌ನಲ್ಲಿ ಉಳಿಯುವುದರಿಂದ, ಆ ಕಾಲದ ಬೇರೆ ಕೆಲವು ಆಟಗಳಲ್ಲಿರುವಂತೆ ಒಳಗಿನ ಬ್ಯಾಟರಿ ಸತ್ತು ಎಲ್ಲವೂ ಅಳಿಸಿಹೋಗುವ ಭಯ ಇಲ್ಲಿಲ್ಲ. ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್‌ನ ಮೇಲಿರುವ, ಬೆರಳಿನಿಂದ ದಿಕ್ಕು ತಿರುಗಿಸುವ ಕಡ್ಡಿಯದು ಬೇರೆಯೇ ಕಥೆ. ಕಡ್ಡಿಯ ಬುಡ ಪ್ಲಾಸ್ಟಿಕ್ ಬಟ್ಟಲೊಂದರೊಳಗೆ ಉಜ್ಜುತ್ತ ಹೋಗುವ ರಚನೆ ಅದರದು. ವರ್ಷಗಳ ಬಳಕೆಯಲ್ಲಿ ಸವೆದು, ಬಿಚ್ಚಿದರೆ ಬಿಳಿ ಪುಡಿ ಉದುರುತ್ತದೆ, ಕಡ್ಡಿ ಸಡಿಲವಾಗಿ ವಾಲುತ್ತದೆ. ನಾನು ಬಟ್ಟಲನ್ನೂ ಗೇರುಗಳನ್ನೂ ಬದಲಿಸಿ, ಕಡ್ಡಿ ನಡುವಿಗೆ ಸರಿಯಾಗಿ ಮರಳುತ್ತದೆಯೇ ಎಂದು ನೋಡಿಕೊಂಡ ಮೇಲೆಯೇ ಆಟ ಶುರುಮಾಡಿದೆ. ಗುರಿಯಿಡುವುದೇ ಪ್ರಧಾನವಾದ ಆಟದಲ್ಲಿ ಈ ಒಂದು ದುರಸ್ತಿಗೆ ಉಳಿದೆಲ್ಲಕ್ಕಿಂತ ಹೆಚ್ಚಿನ ಬೆಲೆಯಿದೆ.

ಪರದೆಗಾಗಿ ಹಳೆಯ ಪಿಕ್ಚರ್ ಟ್ಯೂಬ್ ಟಿವಿಯೊಂದನ್ನು ತಂದು, ಎಸ್-ವಿಡಿಯೊ ತಂತಿಯಿಂದ ಜೋಡಿಸಿದೆ. ಈಗಿನ ಚಪ್ಪಟೆ ಟಿವಿಗಳು ಆ ಹಳೆಯ ಸಂಕೇತವನ್ನು ತಮ್ಮ ಅಳತೆಗೆ ಹಿಗ್ಗಿಸುವಾಗ ಚಿತ್ರ ಮಸುಕಾಗುತ್ತದೆ. ಬಹಳಷ್ಟು ಟಿವಿಗಳಲ್ಲಿ ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲೆ ಫಲ ಕಾಣುವುದಕ್ಕೂ ನಡುವೆ ಗೊತ್ತಾಗುವಷ್ಟು ವಿಳಂಬ ಸೇರಿಕೊಳ್ಳುತ್ತದೆ. ಈ ಆಟ ಮೊದಲೇ ನಿಧಾನ. ಗದ್ದಲದ ಕಾಳಗಗಳಲ್ಲಿ ಪರದೆ ಸೆಕೆಂಡಿಗೆ ಹದಿನೈದು ಚಿತ್ರಗಳಿಗಿಂತಲೂ ಕೆಳಗಿಳಿಯುತ್ತದೆ. ಆಯ್ಕೆಗಳಲ್ಲಿರುವ ಹೆಚ್ಚು ಸ್ಪಷ್ಟತೆಯ ಮೋಡ್ ಹಾಕಿದರೆ ಇನ್ನಷ್ಟು ಕುಂಟುತ್ತದೆ. ಆದ್ದರಿಂದ ಆ ಮೋಡ್ ಹಾಕದೆಯೇ ಆಡಿದೆ, ಬೇರೆಯವರಿಗೂ ಹಾಗೆಯೇ ಆಡಲು ಹೇಳುತ್ತೇನೆ.

ಎರಡು ಕಡ್ಡಿಗಳ ಕಂಟ್ರೋಲರ್‌ಗೆ ಒಗ್ಗಿದ ಕೈಗಳಿಗೆ ನಿಂಟೆಂಡೊ 64ರ ಒಂದೇ ಕಡ್ಡಿ ಮೊದಮೊದಲು ತೊಡಕೆನಿಸುತ್ತದೆ. ಮುಂದೆ ಹೋಗುವುದೂ ತಿರುಗುವುದೂ ಅದೇ ಕಡ್ಡಿಯಲ್ಲಿ, ಪಕ್ಕಕ್ಕೆ ಸರಿಯುವುದು ಹಳದಿ ಸಿ ಗುಂಡಿಗಳಲ್ಲಿ, ನಿಂತು ಸೂಕ್ಷ್ಮವಾಗಿ ಗುರಿಯಿಡಲು ಆರ್ ಗುಂಡಿ. ಆದರೆ ಇದೇ ಆಟದ ಆಯ್ಕೆಗಳಲ್ಲಿ ಒಬ್ಬನೇ ಆಟಗಾರ ಎರಡು ಕಂಟ್ರೋಲರ್‌ಗಳನ್ನು ಒಂದೊಂದು ಕೈಯಲ್ಲಿ ಹಿಡಿದು ಆಡುವ ವಿನ್ಯಾಸಗಳೂ ಇವೆ. ಒಂದು ಕಡ್ಡಿ ನಡಿಗೆಗೆ, ಇನ್ನೊಂದು ನೋಟಕ್ಕೆ. ಇದೇ ತಂಡ 1997ರಲ್ಲಿ ಮಾಡಿದ ‘ಗೋಲ್ಡನ್‌ಐ 007’ರಲ್ಲೂ ಈ ಸೌಲಭ್ಯವಿತ್ತು. ಇಂದು ಬಹುತೇಕ ಎಲ್ಲ ಕನ್ಸೋಲ್ ಶೂಟರ್‌ಗಳು ಬಳಸುವ ವಿಧಾನ ಅದೇ. ಕಥೆಯ ಭವಿಷ್ಯವನ್ನು ಹುಡುಕಲು ಕೂತವನಿಗೆ ಭವಿಷ್ಯದ ಮೊದಲ ತುಣುಕು ಆಯ್ಕೆಗಳ ಪುಟದಲ್ಲೇ ಸಿಕ್ಕಿತು.

ಈ ಆಟದ ಕಾಠಿಣ್ಯದ ಮಟ್ಟಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಏಜೆಂಟ್, ಸ್ಪೆಷಲ್ ಏಜೆಂಟ್, ಪರ್ಫೆಕ್ಟ್ ಏಜೆಂಟ್ ಎಂಬ ಮೂರು ಮಟ್ಟಗಳಲ್ಲಿ ಮೇಲೇರಿದಂತೆ ಕಾವಲುಗಾರರ ಗುಂಡೇಟಿನಿಂದ ಹೆಚ್ಚು ಪೆಟ್ಟು ಬೀಳುವುದಷ್ಟೇ ಅಲ್ಲ, ಮಾಡಬೇಕಾದ ಕೆಲಸಗಳ ಪಟ್ಟಿಯೇ ಬೆಳೆಯುತ್ತದೆ. ಕೆಳಗಿನ ಮಟ್ಟದಲ್ಲಿ ನಾನು ಓಡಿಕೊಂಡು ದಾಟಿಹೋಗಿದ್ದ ಕೋಣೆಗೆ ಮೇಲಿನ ಮಟ್ಟದಲ್ಲಿ ಹೊಕ್ಕು, ಅಲ್ಲಿನ ಕಂಪ್ಯೂಟರಿನಿಂದ ಕಡತ ಇಳಿಸಬೇಕಾಯಿತು. ಅಲಂಕಾರಕ್ಕೆಂದು ಇಟ್ಟಂತಿದ್ದ ಯಂತ್ರವನ್ನು ನಿಲ್ಲಿಸಬೇಕಾಯಿತು. ಹಂತದ ಮಧ್ಯೆ ಪ್ರಗತಿಯನ್ನು ಉಳಿಸುವ ಸೌಕರ್ಯ ಇಲ್ಲವಾದ್ದರಿಂದ ಸತ್ತರೆ ಮತ್ತೆ ಮೊದಲಿನಿಂದಲೇ ಹೊರಡಬೇಕು, ಹಾಗೆ ಹೊರಡುವಾಗ ಕಾವಲುಗಾರರು ನಿಲ್ಲುವ ಮೂಲೆಗಳೆಲ್ಲ ತಾವಾಗಿಯೇ ಬಾಯಿಪಾಠವಾಗುತ್ತವೆ. ಒಂದೇ ಜಾಗವನ್ನು ಮೂರು ಸಲ ಮೂರು ಕಣ್ಣುಗಳಿಂದ ನೋಡಿಸುವ ಈ ವಿಧಾನ ನನಗೆ ಇಂದಿಗೂ ಅತ್ಯಂತ ಪ್ರಾಮಾಣಿಕವಾದ ವಿನ್ಯಾಸವೆಂದು ತೋರುತ್ತದೆ, ಮತ್ತು ಕಥೆ ನನಗೆ ನಿಜವಾಗಿ ಅರ್ಥವಾದದ್ದೂ ಹೀಗೆ ಮರಳಿ ನೋಡುವಾಗಲೇ.

ಕಥೆ ಹೀಗಿದೆ. ಕ್ಯಾರಿಂಗ್ಟನ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಕೇಂದ್ರದ ಹೊಸ ಏಜೆಂಟ್ ಜೊವಾನಾ ಡಾರ್ಕ್‌ಗೆ ಸಿಗುವ ಮೊದಲ ಕೆಲಸ, ಡೇಟಾಡೈನ್ ಎಂಬ ಬೃಹತ್ ಕಂಪನಿಯ ಗೋಪುರದೊಳಗಿಂದ ಡಾಕ್ಟರ್ ಕ್ಯಾರಲ್ ಎಂಬ ವಿಜ್ಞಾನಿಯನ್ನು ಹೊರತರುವುದು. ಕಂಪನಿಯ ಯೋಜನೆಯೊಂದರ ಬಗ್ಗೆ ನೈತಿಕ ಆತಂಕ ಹುಟ್ಟಿ, ತನ್ನನ್ನು ಹೊರಗೆ ಕರೆದೊಯ್ಯಿರೆಂದು ಆತ ಸಂದೇಶ ಕಳಿಸಿರುತ್ತಾನೆ. ಎರಡನೆಯ ಹಂತದ ಕೊನೆಯಲ್ಲಿ, ನೆಲದಡಿಯ ಪ್ರಯೋಗಾಲಯದಲ್ಲಿ, ಡಾಕ್ಟರ್ ಕ್ಯಾರಲ್ ಎದುರಾದಾಗ ಅಲ್ಲಿ ಮನುಷ್ಯನಿಲ್ಲ. ಪರದೆಯ ಮೇಲೆ ಮುಖವಿರುವ, ಗಾಳಿಯಲ್ಲಿ ತೇಲುವ ಪುಟ್ಟ ಯಂತ್ರವಿದೆ. ಸಮುದ್ರದ ತಳದಲ್ಲಿ ಹುದುಗಿರುವ ಸೀಟನ್ ಎಂಬ ಪ್ರಾಚೀನ ಅನ್ಯಗ್ರಹ ನೌಕೆಯ ರಹಸ್ಯವನ್ನು ಬಿಡಿಸಲು ಕಂಪನಿಗೆ ಬೇಕಾಗಿರುವ ಕೃತಕ ಬುದ್ಧಿಮತ್ತೆ ಅದು. ಅದರ ಸಾಮರ್ಥ್ಯವನ್ನು ಹಾಗೆಯೇ ಉಳಿಸಿಕೊಂಡು, ಪ್ರಶ್ನೆ ಕೇಳುವ ವ್ಯಕ್ತಿತ್ವವನ್ನು ಮಾತ್ರ ಅಳಿಸುವುದು ಕಂಪನಿಯ ಉದ್ದೇಶ. ಮುಂದೆ ಒಂದು ಹಂತದಲ್ಲಿ ತಿಜೋರಿಯೊಳಗಿಂದ ಆ ವ್ಯಕ್ತಿತ್ವದ ಬ್ಯಾಕಪ್ಪನ್ನು ತರಬೇಕು. ಸಮುದ್ರದಾಳದ ಹಂತದಲ್ಲಿ ಅದನ್ನು ಯಂತ್ರಕ್ಕೆ ಮರಳಿ ತುಂಬಬೇಕು.

2000ದಲ್ಲಿ ಇದು ನಮಗೆ ಗುಂಡು ಹಾರಿಸಲು ಒಂದು ನೆಪವಾಗಿತ್ತು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರಿಗೆ ತೆರೆದುಕೊಂಡು, ಮುಂದಿನ ವರ್ಷವಿಡೀ ಅದೇ ಮಾತು ಎಲ್ಲೆಡೆ ನಡೆಯುತ್ತಿದ್ದಾಗ ಅದೇ ಹಂತಗಳನ್ನು ಆಡಿದ ನನಗೆ ಅವು ನೆಪವಾಗಿ ಕಾಣಲಿಲ್ಲ. ಭಾಷೆಯನ್ನು ಬಿಡಿಸಬಲ್ಲ ಯಂತ್ರವೊಂದು ಸರ್ಕಾರದ ಬಳಿಯಲ್ಲೂ ವಿಶ್ವವಿದ್ಯಾಲಯದ ಬಳಿಯಲ್ಲೂ ಇರದೆ ಖಾಸಗಿ ಕಂಪನಿಯ ಸ್ವತ್ತಾಗಿರುತ್ತದೆ ಎಂಬುದನ್ನು ಈ ಆಟ ಸರಿಯಾಗಿ ಊಹಿಸಿತ್ತು. ಯಂತ್ರದ ಬಲವನ್ನು ಉಳಿಸಿಕೊಂಡು ನಡವಳಿಕೆಯನ್ನು ತಿದ್ದುವ ಹಕ್ಕು ಯಾರದು ಎಂಬ ಪ್ರಶ್ನೆ ಈಗ ಪ್ರತಿದಿನದ ಚರ್ಚೆ. ಆ ವರ್ಷದ ಮೇ ತಿಂಗಳಲ್ಲಿ, ಈ ಕ್ಷೇತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಜೆಫ್ರಿ ಹಿಂಟನ್ ಅವರು ಅದರ ಅಪಾಯಗಳ ಬಗ್ಗೆ ಮುಕ್ತವಾಗಿ ಮಾತನಾಡಲೆಂದು ಗೂಗಲ್ ಬಿಟ್ಟ ಸುದ್ದಿ ಬಂದಾಗ ನಾನು ಡೇಟಾಡೈನ್ ಗೋಪುರದ ಹಂತಗಳನ್ನು ಎರಡನೆಯ ಮಟ್ಟದಲ್ಲಿ ಆಡುತ್ತಿದ್ದೆ. ಆಟದಲ್ಲಿ ಆತ್ಮಸಾಕ್ಷಿಯ ಕಾರಣಕ್ಕೆ ಹೊರಬರಲು ಬಯಸಿದ್ದು ಯಂತ್ರ, ನಿಜದಲ್ಲಿ ಮನುಷ್ಯ. ಆ ವ್ಯತ್ಯಾಸ ನನಗೆ ಬಹಳ ದೊಡ್ಡದಾಗಿ ಕಂಡಿತು, ಯಾಕೆಂದರೆ ಯಂತ್ರಕ್ಕೇ ಮನಸ್ಸಾಕ್ಷಿ ಇರುತ್ತದೆಂದು ನಂಬಿದ್ದ ಆ ಕಥೆ ನಮ್ಮ ವಾಸ್ತವಕ್ಕಿಂತ ಹೆಚ್ಚು ಭರವಸೆಯದಾಗಿದೆ.

ಅಧ್ಯಕ್ಷರ ಪ್ರಸಂಗದಲ್ಲಿ ಆಟದ ಊಹೆ ಉದ್ದೇಶದಲ್ಲಿ ಸರಿಯಾಗಿ, ಸಾಧನದಲ್ಲಿ ತಪ್ಪಿದೆ. ಸಮುದ್ರದಾಳಕ್ಕೆ ಹೋಗಲು ಬೇಕಾದ ಪೆಲಾಜಿಕ್ 2 ಎಂಬ ಹಡಗನ್ನು ಕಂಪನಿಗೆ ಕೊಡಲು ಅಮೆರಿಕದ ಅಧ್ಯಕ್ಷರು ಒಪ್ಪದಿದ್ದಾಗ, ಅವರನ್ನು ಅಪಹರಿಸಿ, ಅವರ ಜಾಗದಲ್ಲಿ ತದ್ರೂಪಿ ಕ್ಲೋನ್ ಒಂದನ್ನು ಕೂರಿಸುವ ಸಂಚು ನಡೆಯುತ್ತದೆ. ರಾಷ್ಟ್ರೀಯ ಭದ್ರತಾ ಸಂಸ್ಥೆಯ ಮುಖ್ಯಸ್ಥ ಟ್ರೆಂಟ್ ಈಸ್ಟನ್ ಅದರಲ್ಲಿ ಪಾಲುದಾರ. ಡಾಲಿ ಎಂಬ ಕ್ಲೋನ್ ಕುರಿಯ ಸುದ್ದಿ 1997ರಲ್ಲಿ ಹೊರಬಂದಿತ್ತಾದ್ದರಿಂದ ಆ ಕಾಲದ ಕಲ್ಪನೆ ಜೀವಕೋಶದ ಕಡೆಗೇ ವಾಲಿದ್ದು ಸಹಜ. 2024ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಪ್ರಾಥಮಿಕ ಚುನಾವಣೆಗೆ ಮುನ್ನ ಜೋ ಬೈಡನ್ ಅವರ ನಕಲಿ ದನಿಯ ಫೋನ್ ಕರೆಗಳು ಮತದಾರರಿಗೆ ಹೋದವು. ಅದಕ್ಕೆ ಪ್ರಯೋಗಾಲಯವೂ ಬೇಕಾಗಲಿಲ್ಲ, ಅಧ್ಯಕ್ಷರ ಅಪಹರಣವೂ ಬೇಕಾಗಲಿಲ್ಲ. ಆಟದ ಅಧ್ಯಕ್ಷರು ಕಪ್ಪು ಜನಾಂಗದವರು ಎಂಬುದನ್ನೂ ಹೇಳಬೇಕು. ಆಟ ಬಿಡುಗಡೆಯಾದ ವರ್ಷ ಬರಾಕ್ ಒಬಾಮ ನಮ್ಮ ಇಲಿನಾಯ್ಸ್ ರಾಜ್ಯದ ಸೆನೆಟರ್ ಆಗಿದ್ದರು. 2023 ಬರುವ ಹೊತ್ತಿಗೆ ಅವರು ಎರಡು ಅವಧಿ ಮುಗಿಸಿ ಆರು ವರ್ಷವಾಗಿತ್ತು. ಇಲ್ಲಿ ಮಾತ್ರ ನಿಜವು ಊಹೆಗಿಂತ ಮೊದಲೇ ಬಂದಿತ್ತು.

ಷಿಕಾಗೋ ಹಂತವನ್ನು ನಾನು ಆಸೆಯಿಂದ ಕಾದಿದ್ದೆ. ಮಳೆ, ಕತ್ತಲ ಓಣಿ, ಗಸ್ತು ತಿರುಗುವ ರೋಬಾಟ್, ನೆಲ ಮುಟ್ಟದೆ ತೇಲುವ ಟ್ಯಾಕ್ಸಿ. ಇಷ್ಟು ವರ್ಷ ಓಡಾಡಿದ ಈ ಊರಿನ ಯಾವ ರಸ್ತೆಯನ್ನೂ ಅದು ಹೋಲುವುದಿಲ್ಲ, ತೇಲುವ ಟ್ಯಾಕ್ಸಿಯೂ ಬಂದಿಲ್ಲ.

ಅನ್ಯಗ್ರಹ ನೌಕೆಗಳ ವದಂತಿಗೆ ಹೆಸರಾದ ಅಮೆರಿಕದ ರಹಸ್ಯ ವಾಯುನೆಲೆ ಏರಿಯಾ 51ರ ಮೂರು ಹಂತಗಳು ಆಡಲು ಚೆನ್ನಾಗಿದ್ದರೂ ಊಹೆಯ ದೃಷ್ಟಿಯಿಂದ ತೊಂಬತ್ತರ ದಶಕಕ್ಕೇ ಸೇರಿದವು. ಆದರೂ 2023ರ ಜುಲೈ 26ರಂದು ಅಮೆರಿಕದ ಪ್ರತಿನಿಧಿ ಸಭೆಯ ಉಪಸಮಿತಿಯೊಂದರ ಮುಂದೆ ವಾಯುಪಡೆಯ ಮಾಜಿ ಗುಪ್ತಚರ ಅಧಿಕಾರಿಯೊಬ್ಬರು ಪತನಗೊಂಡ ಅಜ್ಞಾತ ವಾಹನಗಳನ್ನು ಸಂಗ್ರಹಿಸುವ ರಹಸ್ಯ ಕಾರ್ಯಕ್ರಮವಿದೆಯೆಂದು ಪ್ರಮಾಣ ಮಾಡಿ ಹೇಳಿದರು, ರಕ್ಷಣಾ ಇಲಾಖೆ ಅದನ್ನು ನಿರಾಕರಿಸಿತು. ಆ ಸಂಜೆ ಎಲ್ವಿಸ್ ಎಂಬ ಅನ್ಯಗ್ರಹ ಜೀವಿಯನ್ನು ಏರಿಯಾ 51ರಿಂದ ಬಿಡಿಸುವ ಹಂತವನ್ನು ಮತ್ತೊಮ್ಮೆ ಆಡಿದೆ.

ಉಪಕರಣಗಳ ವಿಷಯದಲ್ಲಿ ಆಟ ಬಹಳ ಕಡೆ ಎಡವಿದೆ. ಕೈಯಲ್ಲಿ ಫೋನ್ ಹಿಡಿದವರು ಯಾರೂ ಇಲ್ಲ. ಮಾಹಿತಿ ಬೇಕೆಂದರೆ ಕಂಪ್ಯೂಟರಿನ ಹತ್ತಿರವೇ ನಿಂತು ಅಪ್‌ಲಿಂಕ್ ಸಾಧನದಿಂದ ಎಳೆದುಕೊಳ್ಳಬೇಕು, ಬಾಗಿಲುಗಳಿಗೆ ಕೀಕಾರ್ಡ್ ಬೇಕು. ಹಾರಿಸಿ ಬಿಡುವ ಪುಟ್ಟ ಕ್ಯಾಮರಾ ಕ್ಯಾಮ್‌ಸ್ಪೈ ಮಾತ್ರ ಇಂದಿನ ಡ್ರೋನುಗಳ ನಿಕಟ ಬಂಧುವಿನಂತಿದೆ. ಲ್ಯಾಪ್‌ಟಾಪ್‌ನಂತೆ ಮಡಚಿಕೊಳ್ಳುವ, ಗೋಡೆಗೆ ಎಸೆದರೆ ಅಂಟಿಕೊಂಡು ತಾನೇ ಕಾವಲು ಕಾಯುವ ಬಂದೂಕು ವಿನ್ಯಾಸದ ಜಾಣ್ಮೆಗೆ ಇಂದಿಗೂ ನನ್ನ ಮೆಚ್ಚಿನ ಉದಾಹರಣೆ; ಊಹೆಯಾಗಿ ಅದನ್ನು ಅಳೆಯುವುದರಲ್ಲಿ ಅರ್ಥವಿಲ್ಲ.

ಕನ್ಸೋಲಿನ ಆಟ ಮುಗಿದ ಮೇಲೆ ಅದೇ ಆಟವನ್ನು ಕಂಪ್ಯೂಟರಿನಲ್ಲಿ ಆಡಿದೆ. ಅಭಿಮಾನಿಗಳು ಮೂಲ ಯಂತ್ರಭಾಷೆಯನ್ನು ಸಾಲುಸಾಲಾಗಿ ಓದಬಲ್ಲ ಪ್ರೋಗ್ರಾಮ್ ಆಗಿ ಹಿಂದಿರುಗಿಸಿದ್ದರು. ಅದರ ಆಧಾರದ ಮೇಲೆ, ಕಾಕತಾಳೀಯವಾಗಿ 2023ರಲ್ಲೇ, ಕಂಪ್ಯೂಟರ್ ಆವೃತ್ತಿಯೊಂದು ಹೊರಬಂದಿತ್ತು. ಅದರಲ್ಲಿ ಆಟದ ಚಿತ್ರ, ಸದ್ದುಗಳು ಇರುವುದಿಲ್ಲ, ನಮ್ಮದೇ ಕಾರ್ಟ್ರಿಜ್‌ನಿಂದ ತೆಗೆದ ಪ್ರತಿಯನ್ನು ಅದಕ್ಕೆ ಒದಗಿಸಬೇಕು. ಸೆಕೆಂಡಿಗೆ 60 ಚಿತ್ರಗಳ ವೇಗದಲ್ಲಿ, ಮೌಸ್ ಹಿಡಿದು ಆಡಿದರೆ ಚಲನೆ ನೀರಿನಂತೆ ಹರಿಯುತ್ತದೆ, ಪರ್ಫೆಕ್ಟ್ ಏಜೆಂಟ್ ಮಟ್ಟದ ಕಷ್ಟ ಅರ್ಧಕ್ಕೆ ಇಳಿಯುತ್ತದೆ. ಕಾವಲುಗಾರರ ಪ್ರತಿಕ್ರಿಯೆಯ ಕಾಲವನ್ನು ಒಂದು ಕಡ್ಡಿಯ ನಿಧಾನಕ್ಕೆ ಹೊಂದಿಸಿ ಮಾಡಿದ್ದರೆಂಬುದು ನನಗೆ ಆಗಲೇ ಸ್ಪಷ್ಟವಾದದ್ದು. ಅದಕ್ಕಾಗಿಯೇ ಮೊದಲು ಕನ್ಸೋಲ್, ಆಮೇಲೆ ಕಂಪ್ಯೂಟರ್ ಎಂಬ ಕ್ರಮವನ್ನು ನಾನು ಒತ್ತಿ ಹೇಳುತ್ತೇನೆ.

ಇನ್ನೂ ಬಾರದ ಭವಿಷ್ಯವೂ ಈ ಆಟದಲ್ಲಿದೆ. ಕೌಂಟರ್-ಆಪರೇಟಿವ್ ಎಂಬ ವಿಧದಲ್ಲಿ ಒಬ್ಬರು ಜೊವಾನಾ ಆಗಿ ಹಂತವನ್ನು ಆಡುತ್ತಿದ್ದರೆ, ಇನ್ನೊಬ್ಬರು ಅದೇ ಹಂತದ ಕಾವಲುಗಾರರಾಗಿ ಅವರನ್ನು ತಡೆಯುತ್ತಾರೆ. ಸತ್ತರೆ ಮತ್ತೊಬ್ಬ ಕಾವಲುಗಾರನ ದೇಹಕ್ಕೆ ದಾಟುತ್ತಾರೆ, ತಾವಿರುವ ಜಾಗ ಪ್ರಯೋಜನಕ್ಕಿಲ್ಲವೆನಿಸಿದರೆ ವಿಷದ ಗುಳಿಗೆ ನುಂಗಿ ಬೇರೆಡೆ ಹುಟ್ಟುತ್ತಾರೆ. ಇದನ್ನು ಇಷ್ಟು ಪೂರ್ಣವಾಗಿ ಕೈಗೆತ್ತಿಕೊಂಡ ಕನ್ಸೋಲ್ ಶೂಟರ್ ಆಮೇಲೆ ನನ್ನ ಕಣ್ಣಿಗೆ ಬಿದ್ದಿಲ್ಲ. ಹೈಸ್ಕೂಲು ಓದುತ್ತಿರುವ ನನ್ನ ಮಗಳು ಕಾವಲುಗಾರರ ಪಾತ್ರವನ್ನೇ ಕೇಳಿ ಪಡೆಯುತ್ತಾಳೆ, ಡೇಟಾಡೈನ್ ಗೋಪುರದ ಮೆಟ್ಟಿಲುಗಳಲ್ಲಿ ನನ್ನನ್ನು ಮೇಲಿಂದ ಮೇಲೆ ಸೋಲಿಸುತ್ತಾಳೆ.

ಹಳೆಯ ಯಂತ್ರ ಸಿಗದವರಿಗೆ 2010ರಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಬಂದ ಪರಿಷ್ಕೃತ ಆವೃತ್ತಿ, 2015ರ ರೇರ್ ರೀಪ್ಲೇ ಸಂಗ್ರಹ, 2024ರಲ್ಲಿ ನಿಂಟೆಂಡೊ ಸ್ವಿಚ್‌ನ ಚಂದಾ ಸೇವೆಗೆ ಸೇರಿದ ಮೂಲ ಆವೃತ್ತಿ ಇವೆ. ಮೂಲದ ನಿಧಾನಕ್ಕೂ ಅಳತೆಗೂ ಹತ್ತಿರವಿರುವುದು ಕೊನೆಯದು. ಕಾರ್ಟ್ರಿಜ್ ಜೊತೆಗೆ ಕನ್ಸೋಲನ್ನೂ ಕೊಳ್ಳುವವರು ಮಾರುವವರನ್ನು ಮೊದಲು ಕೇಳಬೇಕಾದದ್ದು ಕನ್ಸೋಲಿನೊಳಗೆ ಎಕ್ಸ್‌ಪ್ಯಾನ್ಶನ್ ಪ್ಯಾಕ್ ಇದೆಯೇ ಎಂದು. ಮುಂಭಾಗದ ಮುಚ್ಚಳ ತೆರೆದು ತೋರಿಸಲು ಹೇಳಿ, ಕೆಂಪು ತಲೆಯ ಪ್ಯಾಕ್ ಕಂಡರೆ ಮಾತ್ರ ಹಣ ಕೊಡಿ.