ಸಿಸೇರಿಯನ್ ಗಾಯ ಕೀವಾದರೆ ನಾನು ಹುಡುಕುವುದು

ಕಾರವಾರದ ಕಡೆ ಹೆರಿಗೆ ವಾರ್ಡಿನಲ್ಲಿ ನರ್ಸ್ ನಾನು. ಸಿಸೇರಿಯನ್ ಆದವರ ಹೊಲಿಗೆ ಕೀವಾದರೆ ಮನೆಯವರು ಮೊದಲು ಕೇಳುವುದು, "ಏನು ತಿಂದಿದ್ದಕ್ಕೆ ಹೀಗಾಯ್ತು ಸಿಸ್ಟರ್?" ಪಾಪ, ಮೀನಿನ ಮೇಲೋ ಬದನೆಕಾಯಿ ಮೇಲೋ ಗುಮಾನಿ. ನಾನು ಕೇಸ್ ಶೀಟ್ ತೆಗೆಯುತ್ತೇನೆ.

ನೀರು ಒಡೆದು ಎಷ್ಟು ಹೊತ್ತಿನ ಮೇಲೆ ಆಪರೇಷನ್ ಆಯ್ತು? ಒಳಪರೀಕ್ಷೆ ಎಷ್ಟು ಸಲ? ಶುಗರ್, ರಕ್ತ, ತೂಕ ಎಷ್ಟಿತ್ತು? ಕಾರಣ ಬಹಳ ಸಲ ಅಲ್ಲೇ ಸಿಗುತ್ತದೆ. ನೀರು ಒಡೆದ ಮೇಲೆ ಯೋನಿಯಲ್ಲಿರುವ ರೋಗಾಣುಗಳು ಗರ್ಭಕೋಶಕ್ಕೆ ಏರುತ್ತವೆ, ಕೊಯ್ದಾಗ ಗಾಯಕ್ಕೂ ತಾಗುತ್ತವೆ. ಚರ್ಮದ ಮೇಲಿನ ಸ್ಟ್ಯಾಫಿಲೋಕಾಕಸ್ ಅನ್ನುವ ರೋಗಾಣು ಅಂತೂ ಇದ್ದೇ ಇದೆ. ಅದಕ್ಕೇ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಯ್ಯುವ ಮುಂಚಿನ 60 ನಿಮಿಷದೊಳಗೆ ಬೀಳಬೇಕು. ಹೊತ್ತು ಬರೆದಿಲ್ಲ ಅಂದರೆ ನಾನು ಸುಮ್ನೆ ಬಿಡುವುದಿಲ್ಲ.

ಆಪರೇಷನ್ನಿಗೆ ಮುಂಚೆ ಕೂದಲು ಬೋಳಿಸುವ ಬ್ಲೇಡ್ ನನಗೆ ಆಗದು. ಕಣ್ಣಿಗೆ ಕಾಣದ ಗೀರಿನಲ್ಲೇ ರೋಗಾಣು ಕೂರುತ್ತದೆ. ಮನೆಯಲ್ಲೇ ಬೋಳಿಸಿಕೊಂಡು ಬರುವವರಿದ್ದಾರೆ, ಬೇಡ ಅಂತ ಒಂಬತ್ತನೇ ತಿಂಗಳಲ್ಲೇ ಹೇಳುತ್ತೇನೆ. ತೆಗೆಯಲೇಬೇಕಾದರೆ ಕೂದಲು ಕತ್ತರಿಸುವ ಕ್ಲಿಪ್ಪರ್ ಇದೆ.

ಕೀವು ಕಾಣುವುದು ಜಾಸ್ತಿ 4ರಿಂದ 7ನೇ ದಿನದೊಳಗೆ. ಅಷ್ಟರಲ್ಲಿ ಬಾಣಂತಿ ತವರಿನಲ್ಲಿರುತ್ತಾಳೆ. ಹೊಟ್ಟೆ ಜೋತಿದ್ದರೆ ಅವಳ ಗಾಯ ಅವಳಿಗೇ ಕಾಣುವುದಿಲ್ಲ. ಹಾಗಾಗಿ ಡಿಸ್ಚಾರ್ಜ್ ದಿನ ಬಾಣಂತನ ಮಾಡುವ ಅಜ್ಜಿಯನ್ನೇ ಮಂಚದ ಪಕ್ಕ ಕರೆಯುತ್ತೇನೆ. ಕೈ ತೊಳೆಸಿ, ಹೊಟ್ಟೆಯ ಮಡಿಕೆ ಮೇಲೆತ್ತಿಸಿ, ಹೊಲಿಗೆಯ ಎರಡೂ ತುದಿ ತೋರಿಸುತ್ತೇನೆ. ಮುಟ್ಟಿದರೆ ಬಿಸಿ ಇದೆಯಾ, ಕೆಂಪು ಹರಡುತ್ತಿದೆಯಾ, ಒಳಲಂಗಕ್ಕೆ ಕಲೆ ಹತ್ತಿದೆಯಾ, ವಾಸನೆ ಇದೆಯಾ, ದಿನಾ ನೋಡಿ ಅಂತೇನೆ. ಅಜ್ಜಿಯರು ಇದನ್ನು ಎಷ್ಟು ಚೆನ್ನಾಗಿ ಮಾಡುತ್ತಾರೆ ಗೊತ್ತಾ! ಗಂಡಂದಿರಿಗೆ ಹೇಳಿದರೆ ತಲೆ ಆಡಿಸಿ ಹೋಗುತ್ತಾರೆ ಅಷ್ಟೇ.

ನಮ್ಮ ಕರಾವಳಿ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಇಲ್ಲ ಅಲ್ವಾ? ಅರೆ ಒಣಗಿದ ಒಳಲಂಗ ಹೊಲಿಗೆ ಮೇಲೆ ಉಜ್ಜಿದರೆ ಚರ್ಮ ಮೆತ್ತಗಾಗುತ್ತದೆ. ಇಸ್ತ್ರಿ ಹಾಕಿ ಒಣಗಿಸಿ ಕೊಡಿ ಅಂತೇನೆ. ಸ್ನಾನಕ್ಕೆ ಅಡ್ಡಿಯಿಲ್ಲ, ಆಮೇಲೆ ಮಡಿಕೆಯೊಳಗೆ ಒತ್ತಿ ಒರೆಸಬೇಕು. ಅರಿಶಿನ, ಎಣ್ಣೆ ಗಾಯಕ್ಕೆ ಬೇಡ. ಹೊಟ್ಟೆಗೆ ಮಾತ್ರ ಮೊಟ್ಟೆ, ಮೀನು, ಬೇಳೆ ಧಾರಾಳ ಕೊಡಿ. ಪಥ್ಯ ಅಂತ ಗಂಜಿಯಲ್ಲೇ ಇಟ್ಟರೆ ಗಾಯ ಕೂಡುವುದು ಯಾವುದರಿಂದ?

ಸೋರುತ್ತಿದೆ ಅಂತ ಬಂದವರ ಬ್ಯಾಂಡೇಜ್ ಬಿಚ್ಚಿ, ಬರೀ ಕೆಂಪು ನೀರೋ ದಪ್ಪ ಕೀವೋ ನೋಡಿ ಡಾಕ್ಟರನ್ನು ಕರೆಯುತ್ತೇನೆ. ಕೀವಿದ್ದರೆ ಅವರು ಹೊಲಿಗೆ ಬಿಚ್ಚಿ ಹೊರಬಿಡುತ್ತಾರೆ, ಯಾವ ರೋಗಾಣು ಅಂತ ಲ್ಯಾಬಿನಲ್ಲಿ ಬೆಳೆಸಿ ನೋಡಲು ಮಾದರಿ ಕಲ್ಚರಿಗೆ ಹೋಗುತ್ತದೆ. ಆಪರೇಷನ್ ಆಗಿ ಎರಡು ದಿನದೊಳಗೇ ಜ್ವರ, ತಡೆಯಲಾಗದ ನೋವು ಬಂದರೆ ಮಾತ್ರ ಯಾರೂ ಬೆಳಗಾಗಲಿ ಅಂತ ಕಾಯಬೇಡಿ. ಅದು ಸ್ಟ್ರೆಪ್ಟೋಕಾಕಸ್ ಅನ್ನುವ ರೋಗಾಣು ಇರಬಹುದು, ಗಂಟೆಗಳಲ್ಲಿ ಹರಡುತ್ತದೆ.