ದಾವಣಗೆರೆ–ಭರಮಸಾಗರ, ದಿನಾ 75 ಕಿ.ಮೀ.: ಎಲೆಕ್ಟ್ರಿಕ್ ಗಾಡಿ ನಾನು ಆರಿಸಿದ್ದು ಹೀಗೆ

ದೂರದ ಓಡಾಟಕ್ಕೆ ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳುವವರು, ಒಂದು ಚಾರ್ಜಿಗೆ ಇಷ್ಟು ದೂರ ಓಡುತ್ತದೆ ಅಂತ ಕಂಪನಿಯವರು ಹೇಳುವ ರೇಂಜ್ ಪಕ್ಕಕ್ಕಿಡಿ. ಆಷಾಢದಲ್ಲಿ ಒಂದು ದಿನ ಸಂಜೆ ಐದು ಗಂಟೆಗೆ ನಿಮ್ಮ ದಾರಿಯಲ್ಲಿ ಗಾಡಿ ಎಷ್ಟು ಕರೆಂಟು ಕುಡಿಯುತ್ತದೆ ಅಂತ ಅಳೆಯಿರಿ. ನಾನು ಮಾಡಿದ್ದು ಇಷ್ಟೇ. ನನ್ನ ಗಾಡಿ ಈಗ ಇಪ್ಪತ್ತು ಸಾವಿರ ಕಿ.ಮೀ. ದಾಟಿದೆ, ಒಮ್ಮೆಯೂ ದಾರಿಯಲ್ಲಿ ನಿಂತಿಲ್ಲ.

ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರೂ ಒಪ್ಪಿರಲಿಲ್ಲ. "ಹೆಬ್ಬಾಳು ಟೋಲ್ ತನಕ ಬರ್ತದೆ ಸರ್, ಆಮೇಲೆ ನೀವೇ ತಳ್ಕಂಡು ಹೋಗ್ಬೇಕು ನೋಡ್ರಿ" ಅಂದವರೇ ಎಲ್ಲ. ನನ್ನ ಮನೆ ನಿಟುವಳ್ಳಿಯಲ್ಲಿ, ಶಾಲೆ ಭರಮಸಾಗರದ ಹತ್ತಿರ. ಒಂದು ಕಡೆಗೆ 37–38 ಕಿ.ಮೀ., ಬಹುಪಾಲು ಹೈವೇ.

2024ರ ಆಷಾಢದಲ್ಲಿ ನಮ್ಮ ಭಾವನವರ ಸ್ಕೂಟರ್ ಇಸ್ಕೊಂಡೆ. 2.2 ಯೂನಿಟ್ (ಒಂದು ಯೂನಿಟ್ ಅಂದರೆ 1000 ವ್ಯಾಟ್-ಅವರ್ ಕರೆಂಟು) ಹಿಡಿಯುವ ಸಣ್ಣ ಬ್ಯಾಟರಿ. ನನ್ನ ದಾರಿಗೆ ಅದು ಸಾಲದು ಅಂತ ಗೊತ್ತಿತ್ತು. ಎಲ್ಲಿ ಸಾಲದಾಗುತ್ತದೆ ಅನ್ನೋದು ಬೇಕಿತ್ತು. ನಾಲ್ಕು ಜಾಗದಲ್ಲಿ ನಿಲ್ಲಿಸಿ ಬ್ಯಾಟರಿ ಪರ್ಸೆಂಟ್ ಬರೆದುಕೊಂಡೆ: ಮನೆ, ಆನಗೋಡು, ಹೆಬ್ಬಾಳು ಟೋಲ್, ಭರಮಸಾಗರ. ಬೆಳಿಗ್ಗೆ ನೂರಕ್ಕೆ ಹೊರಟು ತಲುಪಿದಾಗ 54ರ ಆಸುಪಾಸು ಉಳಿದಿತ್ತು. ಸಂಜೆ ಬೇಕಂತಲೇ ಚಾರ್ಜ್ ಮಾಡದೆ ಹೊರಟೆ. ಆನಗೋಡು ಬರುವಷ್ಟರಲ್ಲಿ 7ಕ್ಕೆ ಬಂತು. ಅಲ್ಲೊಂದು ಅಂಗಡಿಯವರನ್ನು ಕೇಳಿ ಪ್ಲಗ್ ಹಾಕಿ ಒಂದೂವರೆ ಗಂಟೆ ಕೂತೆ. ಮಿರ್ಚಿ ಮಂಡಕ್ಕಿ ಚೆನ್ನಾಗಿತ್ತು, ಅದು ಬೇರೆ ಮಾತು.

ಆ ಚೀಟಿಯಲ್ಲಿ ಇದ್ದದ್ದೇ ಅಸಲು ವಿಷಯ. ಹೋಗುವಾಗ ಕಿ.ಮೀ.ಗೆ 27–28 ವ್ಯಾಟ್-ಅವರ್, ಬರುವಾಗ 48. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇದೇ ಹೈವೇಯಲ್ಲಿ ಮುಂದೆ ಸಿಗುವ ದುರ್ಗ (ಚಿತ್ರದುರ್ಗ) 730. ಅಂದರೆ ಬರುವಾಗ ಇಳಿಜಾರು, ಕಡಿಮೆ ಕುಡಿಯಬೇಕು ಅಲ್ವಾ? ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿದರೆ ಗಾಡಿ, ನಾನು, ಬ್ಯಾಗು ಸೇರಿ 200 ಕೆ.ಜಿ. ಪೂರ್ತಿ ದುರ್ಗದ ತನಕ ಏರಿಸಿದರೂ ಹೆಚ್ಚಿಗೆ ಬೇಕಾಗೋದು 70 ವ್ಯಾಟ್-ಅವರ್ ಅಷ್ಟೇ. ಎರಡು ಮೂರು ಪರ್ಸೆಂಟ್. ತಿನ್ನೋದು ಗಾಳಿ. ದುರ್ಗದ ಗುಡ್ಡದ ಮೇಲೆ ಅಷ್ಟು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಮಳೆಗಾಲದಲ್ಲಿ ಅದು ಪಡುವಣದಿಂದ ಬೀಸುತ್ತದೆ. ಬೆಳಿಗ್ಗೆ ಬೆನ್ನಿಗೆ, ಸಂಜೆ ಮುಖಕ್ಕೆ. ಎದುರಿಂದ ಗಂಟೆಗೆ 15 ಕಿ.ಮೀ. ಗಾಳಿ ಇದ್ದರೆ ನೀವು 50ರಲ್ಲಿ ಹೋದರೂ ಗಾಡಿಗೆ ಅದು 65.

ಇಲ್ಲಿಂದ ಲೆಕ್ಕ ಸುಲಭ. ಕೆಟ್ಟ ದಿನಕ್ಕೆ 2.8 ಯೂನಿಟ್ ಬೇಕು. ಬ್ಯಾಟರಿಯನ್ನು 95ರಿಂದ 15 ಪರ್ಸೆಂಟ್‌ನೊಳಗೆ ಬಳಸಿದರೆ 3.5 ಯೂನಿಟ್‌ನ ಬ್ಯಾಟರಿ ಬೇಕಾಯಿತು. ನಾಲ್ಕೈದು ವರ್ಷಕ್ಕೆ ಐದನೇ ಒಂದು ಪಾಲು ಸವೆಯುತ್ತದೆ ಅಂದುಕೊಂಡರೆ 4.4. ಆಗ ನನ್ನೆದುರು ಇದ್ದದ್ದು ಎರಡೇ ದಾರಿ. ಐದು ಯೂನಿಟ್‌ನ ದೊಡ್ಡ ಗಾಡಿ, ಇಲ್ಲ 3.7ರ ಗಾಡಿ ತಗೊಂಡು ಗಾಳಿಗಾಲದಲ್ಲಿ ಮಾತ್ರ ಶಾಲೆ ಹತ್ತಿರ ಸ್ವಲ್ಪ ತುಂಬಿಸೋದು. ಬೆಲೆಯಲ್ಲಿ ಮೂವತ್ತೈದು ನಲವತ್ತು ಸಾವಿರದ ವ್ಯತ್ಯಾಸ. ನಾನು 3.7 ಹಿಡಿದೆ.

ತುಂಬಿಸುವ ಜಾಗಕ್ಕೆ ತುಂಬ ಒದ್ದಾಡಿದೆ. ಶಾಲೆಯ ಕರೆಂಟು ಮುಟ್ಟಬಾರದು ಅಂತ ಮೊದಲೇ ತೀರ್ಮಾನಿಸಿದ್ದೆ. ಎದುರಿನ ಹಿಟ್ಟಿನ ಗಿರಣಿಯವರು ಖುಷಿಯಿಂದ ಪ್ಲಗ್ ಕೊಟ್ಟರು. ಗಿರಣಿ ಮೋಟರ್ ಶುರುವಾದಾಗಲೆಲ್ಲ ಬಲ್ಬು ಒಮ್ಮೆ ಮಂಕಾಗೋದು, ನನ್ನ ಚಾರ್ಜರ್ ಟಪ್ ಅಂತ ಆಫ್ ಆಗೋದು, ಮತ್ತೆ ತಾನಾಗಿ ಶುರುವಾಗೋದಿಲ್ಲ. ಮಧ್ಯಾಹ್ನ ಬಿಟ್ಟು ಸಂಜೆ ಬಂದು ನೋಡಿದರೆ ನಾಲ್ಕೇ ಪರ್ಸೆಂಟ್ ಏರಿರೋದು. ಸ್ಟೆಬಿಲೈಸರ್ ತಂದೆ, ಎರಡೂವರೆ ಸಾವಿರ ಹೋಯ್ತು, ಅದಕ್ಕೂ ಬಗ್ಗಲಿಲ್ಲ. ಹೈವೇಯ ಒಂದು ಚಾರ್ಜಿಂಗ್ ಪಾಯಿಂಟ್‌ನಲ್ಲಿ ದುಡ್ಡು ಕಟ್ ಆಯ್ತು, ಕರೆಂಟು ಬರಲಿಲ್ಲ. ಕೊನೆಗೆ ಪಕ್ಕದ ಟೈಲರ್ ಅಂಗಡಿ ಕೈ ಹಿಡಿಯಿತು. ಐನೂರು ರೂಪಾಯಿಯ ಸಣ್ಣ ಮೀಟರ್ ಕೂರಿಸಿ, ಯೂನಿಟ್‌ಗೆ ಹತ್ತು ರೂಪಾಯಿ ಅಂತ ಮಾತಾಡಿದೆವು. ಆ ಮೀಟರಿನಿಂದಲೇ ತಿಳಿದದ್ದು, ಬ್ಯಾಟರಿಗೆ ಒಂದು ಯೂನಿಟ್ ಸೇರಬೇಕಾದರೆ ಗೋಡೆಯಿಂದ 1.1ಕ್ಕಿಂತ ಸ್ವಲ್ಪ ಜಾಸ್ತಿ ಎಳೆಯುತ್ತದೆ.

ವಾರಂಟಿ ಓದುವಾಗ ವರ್ಷ ನೋಡಬೇಡಿ, ಕಿ.ಮೀ. ನೋಡಿ. "3 ವರ್ಷ ಅಥವಾ 50,000 ಕಿ.ಮೀ., ಯಾವುದು ಮೊದಲೋ ಅದು" ಅಂದರೆ ನನ್ನಂಥವರಿಗೆ ಅದು ಎರಡೂವರೆ ವರ್ಷದ ವಾರಂಟಿ. "8 ವರ್ಷ, 80,000" ಅಂದರೆ ನಾಲ್ಕೇ ವರ್ಷ. ಹೆಚ್ಚಿನ ವಾರಂಟಿಗೆ ಏಳೆಂಟು ಸಾವಿರ ಕೇಳಿದರು. ಅದನ್ನು ನಾನು ಇಳಿಸಿಕೊಂಡ ರೀತಿ ಇಲ್ಲಿ ಬರೆಯೋದಿಲ್ಲ, ಎಲ್ಲರೂ ಕೇಳತೊಡಗಿದರೆ ನಿಲ್ಲಿಸಿಬಿಡುತ್ತಾರೆ. ಗಾಡಿ ಬುಕ್ ಮಾಡುವ ಮೊದಲು ಸೋಮವಾರ ಬೆಳಿಗ್ಗೆ ಸರ್ವಿಸ್ ಸೆಂಟರ್ ಮುಂದೆ ಅರ್ಧ ಗಂಟೆ ನಿಲ್ಲಿ. ಬಂದವರನ್ನು "ಎಷ್ಟು ದಿನ ಆಯ್ತು ಬಿಟ್ಟು?" ಅಂತ ಕೇಳಿ. ನನ್ನ ಪಟ್ಟಿಯಿಂದ ಎರಡು ಗಾಡಿ ಬಿದ್ದುಹೋದದ್ದು ಅಲ್ಲೇ.

ದುಡ್ಡಿನ ಮಾತು. ಆನ್ ರೋಡ್ ಒಂದೂವರೆ ಲಕ್ಷದ ಮೇಲೆ ಸ್ವಲ್ಪ. ಪಿಎಂ ಇ-ಡ್ರೈವ್ ಸಬ್ಸಿಡಿ ಆಗ 10,000ದ ತನಕ ಸಿಗುತ್ತಿತ್ತು, 2025ರ ಏಪ್ರಿಲ್‌ನಿಂದ ಅದು 5,000 ಆಯ್ತು. ಹಳೆಯ ಬೈಕಿಗೆ ದಿನಕ್ಕೆ 165 ರೂಪಾಯಿ ಪೆಟ್ರೋಲ್, ತಿಂಗಳಿಗೆ ನಾಲ್ಕು ಸಾವಿರದ ಹತ್ತಿರ. ಈಗ ತಿಂಗಳಿಗೆ 75–80 ಯೂನಿಟ್, ಐನೂರು ರೂಪಾಯಿ ಆಸುಪಾಸು. ಇಲ್ಲಿ ಗೃಹಜ್ಯೋತಿ ಮರೆಯಬೇಡಿ. ನಿಮ್ಮ ಹಳೆಯ ಸರಾಸರಿ, ಅದರ ಮೇಲೆ ಸ್ವಲ್ಪ, ಇಷ್ಟು ಮಾತ್ರ ಪುಕ್ಕಟೆ, ಗಾಡಿಯ ಯೂನಿಟ್ ಅದರಾಚೆ ಬೀಳುತ್ತದೆ. ತಿಂಗಳಿಗೆ 200 ಯೂನಿಟ್ ದಾಟಿದರಂತೂ ಪೂರ್ತಿ ಬಿಲ್ ಕಟ್ಟಬೇಕು. ನಮ್ಮನೆಯಲ್ಲಿ ಸೋಲಾರ್ ಬಿಸಿನೀರು ಇರೋದರಿಂದ 170–180ರಲ್ಲಿ ನಿಲ್ಲಿಸಿದ್ದೇವೆ. ಹಿಂದಿನ ಟೈರ್ ಮಾತ್ರ ಹದಿನೆಂಟು ಸಾವಿರಕ್ಕೇ ಸವೆಯಿತು, ಎರಡು ಸಾವಿರ. ಪೆಟ್ರೋಲ್ ಗಾಡಿಗಿಂತ ಹೆಚ್ಚಿಗೆ ಕೊಟ್ಟ ದುಡ್ಡು ಒಂದೂವರೆ ವರ್ಷದೊಳಗೆ ವಾಪಸ್ ಬಂತು.

ಸುಮ್ನೆ ಕುತೂಹಲಕ್ಕೆ ಬೇರೆ ಪ್ರಯೋಗವೂ ಮಾಡಿದೆ. ಪಟಪಟ ಹೊಡೆದುಕೊಳ್ಳುವ ಅಗಲದ ರೇನ್‌ಕೋಟ್ ಬಿಟ್ಟು ಮೈಗೆ ಅಂಟುವ ಜಾಕೆಟ್, ಪ್ಯಾಂಟ್ ಹಾಕಿದೆ. ಬರುವ ದಾರಿಯಲ್ಲಿ ನಾಲ್ಕೈದು ಪರ್ಸೆಂಟ್ ಉಳಿಯಿತು. ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಉಳಿಸಿದ್ದು ಬೇರೆ ಯಾವುದೂ ಇಲ್ಲ. ಮುಂದೆ ಎತ್ತರದ ವೈಸರ್ ಹಾಕಿಸಿದೆ, ಉಳಿದದ್ದು ಏನೂ ಇಲ್ಲ, ಮೇಲಾಗಿ ಅಡ್ಡಗಾಳಿಗೆ ಹ್ಯಾಂಡಲ್ ಎಳೆಯಿತು, ಬಿಚ್ಚಿಸಿದೆ. ಟೈರ್ ಗಾಳಿಯಲ್ಲೂ ಮೂರು ಪರ್ಸೆಂಟ್ ಸಿಕ್ಕಿತು. ಎಷ್ಟು ಇಡುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ, ನಿಮ್ಮ ತೂಕಕ್ಕೆ ನೀವೇ ಹುಡುಕಬೇಕು. ಲಾರಿ ಹಿಂದೆ ಅಂಟಿಕೊಂಡು ಗಾಳಿ ತಪ್ಪಿಸುವ ಕೆಲಸ ಮಾತ್ರ ಯಾರೂ ಮಾಡಬೇಡಿ. ಏಪ್ರಿಲ್ ಬಿಸಿಲಲ್ಲಿ ಮನೆ ಮುಟ್ಟಿದ ಕೂಡಲೇ ಚಾರ್ಜಿಗೆ ಹಾಕೋದಿಲ್ಲ, ಬ್ಯಾಟರಿ ತಣ್ಣಗಾಗಲಿ ಅಂತ ಊಟ ಆದ ಮೇಲೆ ಹಾಕುತ್ತೇನೆ.

ಈಗ ಸ್ಟಾಫ್ ರೂಮಿನಲ್ಲಿ ಇನ್ನೂ ಇಬ್ಬರು ಇದೇ ಲೆಕ್ಕದಲ್ಲಿ ತಗೊಂಡಿದ್ದಾರೆ. ಟೋಲ್ ಮಾತು ಆಡಿದವರೂ ಅದರಲ್ಲಿ ಒಬ್ಬರು. ದಾವಣಗೆರೆಯಿಂದ ದುರ್ಗಕ್ಕೇ ದಿನಾ ಹೋಗಿಬರುವವರೂ ಕೇಳುತ್ತಿದ್ದಾರೆ. ಅದು 120 ಕಿ.ಮೀ. ಮೇಲೆ. ದುರ್ಗದಲ್ಲಿ ಹಗಲಿಡೀ ನಂಬಿಕೆಯ ಪ್ಲಗ್ ಸಿಗುವುದಾದರೆ 3.7ರ ಗಾಡಿಯೇ ಸಾಕು. ಸಿಗದಿದ್ದರೆ ಐದು ಯೂನಿಟ್ ಗಾಡಿಯೂ ಆಷಾಢದ ಸಂಜೆ ನಿಮ್ಮನ್ನು ಆನಗೋಡಿನ ಆಸುಪಾಸಿನಲ್ಲಿ ಕೂರಿಸುತ್ತದೆ. ಅಂಥವರು ಮೊದಲು ಪ್ಲಗ್ ಹುಡುಕಿ, ಆಮೇಲೆ ಷೋರೂಮಿಗೆ ಹೋಗಿ.