ಕಾಲು ಎಟುಕದವರಿಗೆ ಹಿಮಾಲಯನ್

ನನ್ನ ಎತ್ತರ 5 ಅಡಿ 1 ಇಂಚು. ನನ್ನ ಹಳೇ ಬೈಕ್ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ರ ಸೀಟು ನೆಲದಿಂದ 800 ಮಿ.ಮೀ. ಮೇಲಿತ್ತು, ತೂಕ ಹೆಚ್ಚುಕಮ್ಮಿ 200 ಕೆ.ಜಿ. ಸಿಗ್ನಲ್‌ನಲ್ಲಿ ನಿಂತರೆ ನೆಲಕ್ಕೆ ತಾಗುತ್ತಿದ್ದದ್ದು ಬೂಟಿನ ತುದಿ ಮಾತ್ರ. ಗಾಡಿ ತಗ್ಗಿಸಿದೆ, ಆದರೆ ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡಿದೆ.

ಶುರು ಮಾಡಬೇಕಾದ್ದು ಸೀಟಿನಿಂದ. ಕುಶನ್ ಅಂಗಡಿಯಲ್ಲಿ ಹೊದಿಕೆ ಬಿಚ್ಚಿಸಿ ಸ್ಪಂಜು ಕೊಯ್ಯಿಸಿ. ಎಷ್ಟು ಕೊಯ್ಯೋದು ಅನ್ನೋದಕ್ಕಿಂತ ಎಲ್ಲಿ ಅನ್ನೋದು ಮುಖ್ಯ. ಟ್ಯಾಂಕಿನ ಹತ್ತಿರ ತೊಡೆಗೆ ಒತ್ತುವ ಎರಡು ಅಂಚು ಇವೆಯಲ್ಲ, ಅವನ್ನು ಸವರಿದರೆ ಕಾಲು ನೇರ ಕೆಳಗಿಳಿಯುತ್ತದೆ. ನಾನು ಪೆನ್ನಲ್ಲಿ ಗೆರೆ ಎಳೆದುಕೊಟ್ಟೆ. ಸ್ವಲ್ಪ ಕೊಯ್ಯೋದು, ಗಾಡಿ ಮೇಲಿಟ್ಟು ಕೂತು ನೋಡೋದು, ಮತ್ತೆ ಕೊಯ್ಯೋದು. 20 ಮಿ.ಮೀ. ಹೋಯಿತು. ಮಂಡಿ ಜಾಸ್ತಿ ಮಡಚುತ್ತೆ, ಎರಡು ಗಂಟೆ ಆದ್ಮೇಲೆ ಕೂರೋದು ಕಷ್ಟ. ಆದರೆ ಗಾಡಿಯ ಓಟ ಚೂರೂ ಕೆಡಲಿಲ್ಲ.

ಇದಕ್ಕೂ ಮುಂಚೆ ಹಿಂದಿನ ಶಾಕ್ ಅಬ್ಸಾರ್ಬರ್‌ಗೆ ಲೋಯರಿಂಗ್ ಲಿಂಕ್, ಅಂದರೆ ಗಾಡಿಯ ಹಿಂಭಾಗ ತಗ್ಗಿಸುವ ಜೋಡಣೆ ತುಂಡು, ಹಾಕಿಸಿದ್ದೆ. ಹಿಂಭಾಗ 25 ಮಿ.ಮೀ. ಕೂತಿತು, ಮುಂಭಾಗ ಹಾಗೇ ಉಳಿಯಿತು. ಹಾಗಾದಾಗ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಹಿಂದಕ್ಕೆ ವಾಲುತ್ತದೆ, ಹ್ಯಾಂಡಲ್ ತಿರುಗೋದು ಮಂದವಾಗುತ್ತದೆ. ಹೈವೇಯಲ್ಲಿ ಹಾಯಾಗಿತ್ತು. ಚಾರ್ಮಾಡಿ ಘಾಟಿಯಲ್ಲಿ ಬಣ್ಣ ಬಯಲಾಯಿತು. ಎಡ ತಿರುವು ಬಂದಾಗಲೆಲ್ಲ ಗಾಡಿ ಬಗ್ಗಿಸಿದಷ್ಟು ತಿರುಗದೆ ನಡುಗೆರೆ ಕಡೆಗೆ ಎಳೆಯುತ್ತಿತ್ತು. ಕತ್ತಲಾದ ಮೇಲೆ ಹೆಡ್‌ಲೈಟ್ ರಸ್ತೆ ಬಿಟ್ಟು ಮರ ತೋರಿಸುತ್ತಿತ್ತು. ಊರೊಳಗಿನ ಹಂಪ್‌ಗಳಲ್ಲಿ ಹೊಟ್ಟೆ ಉಜ್ಜೋದು ಬೇರೆ.

ಲಿಂಕ್ ಹಾಕಿಸಲೇಬೇಕು ಅಂದರೆ ಫೋರ್ಕ್ ಹಿಡಿದಿರುವ ಕ್ಲಾಂಪ್ ಸಡಿಲಿಸಿ ಅದರ ಕೊಳವೆಗಳನ್ನೂ ಮೇಲಕ್ಕೆ ಸರಿಸಿ, ಮುಂಭಾಗವೂ ಇಳಿಯಲಿ. ಎಡ ಬಲ ಎರಡೂ ಸಮ ಇರಬೇಕು, ಸೂಕ್ಷ್ಮ ಅಳತೆಯ ವರ್ನಿಯರ್ ಕ್ಯಾಲಿಪರ್ ಇಟ್ಟು ಅಳೆಯಿರಿ. ಸ್ಪ್ರಿಂಗ್ ಪೂರ್ತಿ ಒತ್ತಿದಾಗ ಚಕ್ರ, ಮಡ್‌ಗಾರ್ಡ್ ಎಲ್ಲೂ ತಾಗಬಾರದು. ಚೈನಿನ ಸಡಿಲ, ಹೆಡ್‌ಲೈಟ್ ಎರಡನ್ನೂ ಮತ್ತೆ ಸರಿಮಾಡಿಸಿ.

ಸೈಡ್ ಸ್ಟ್ಯಾಂಡ್ ಮರೀಬೇಡಿ. ನಾನು ಮರೆತಿದ್ದೆ. ಗಾಡಿ ತಗ್ಗಿದರೂ ಸ್ಟ್ಯಾಂಡ್ ಉದ್ದ ಅಷ್ಟೇ ಇರುತ್ತದಲ್ವಾ? ಕೊಟ್ಟಿಗೆಹಾರದಲ್ಲಿ ಟೀಗೆ ನಿಲ್ಲಿಸಿದಾಗ ಗಾಡಿ ವಾಲದೆ ಹೆಚ್ಚುಕಮ್ಮಿ ನೆಟ್ಟಗೆ ನಿಂತಿತು. ಲೋಟ ಕೈಗೆ ಬರುವಷ್ಟರಲ್ಲಿ ಬಲಕ್ಕೆ ಬಿತ್ತು. ಬ್ರೇಕ್ ಲಿವರ್ ಮುರಿಯಿತು. ಎತ್ತೋಕೆ ಮೂರು ಜನ ಬೇಕಾಯಿತು. ಸ್ಟ್ಯಾಂಡ್ ಕತ್ತರಿಸಿ ಗಿಡ್ಡ ಮಾಡಿ ವೆಲ್ಡ್ ಮಾಡಿಸಬೇಕಿತ್ತು. ಸೆಂಟರ್ ಸ್ಟ್ಯಾಂಡ್ ಹಾಕೋದೂ ಕಷ್ಟವೇ ಆಗಿತ್ತು, ಗಾಡಿಯನ್ನು ಜಾಸ್ತಿ ಎತ್ತಬೇಕಾಗುತ್ತೆ.

ಮುಂದಿನ ವಾರವೇ ಲಿಂಕ್ ಬಿಚ್ಚಿಸಿದೆ. ಈಗ ಇರೋದು ಕೊಯ್ದ ಸೀಟು, ದಪ್ಪ ಅಟ್ಟೆಯ ಬೂಟು. ಸಿಗ್ನಲ್ ಬಂದರೆ ಸೀಟಿನ ಎಡಕ್ಕೆ ಜಾರಿ ಎಡಗಾಲು ಪೂರ್ತಿ ಊರುತ್ತೇನೆ, ಬಲಗಾಲು ಬ್ರೇಕ್ ಮೇಲೇ ಇರುತ್ತೆ.